ಮೂರನೆಯ ನಾಲೆ

ಐದನೆಯದೂ ಹೆಣ್ಣೇ ಆಯಿತಲ್ಲ ಎಂದು ಅಜ್ಜಿ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ‘ಇನ್ನು ಸಾಕಮ್ಮ’ ಅಂದದ್ದೇ ಮಗುವಿನ ಹೆಸರಾಯಿತು. ಆ ಸಾಕಮ್ಮ ಮುಂದೆ ಪಾಂಡವಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರಾಗಿ ಊರಿನ ಎರಡು ತಲೆಮಾರಿಗೆ ಕಬಡ್ಡಿ ಕಲಿಸಿದಳು. ಅವಳು ಸೀಟಿ ಊದಿದರೆ ಸಂತೆಮಾಳದ ಎತ್ತುಗಳೂ ನಿಂತು ತಿರುಗಿ ನೋಡುತ್ತವೆ ಎಂದು ಜನ ನಗುತ್ತಿದ್ದರು.

ಅವಳು ಆಲೆಮನೆಯ ಕೆಂಪರಾಜುವನ್ನು ಮದುವೆಯಾಗಿ ಬಂದಾಗ ನಾದಿನಿ ವಾರಿಜಾಗೆ ಎಂಟು ವರ್ಷ. ತಾಯಿಯಿಲ್ಲದ ಮಗು, ಮೇಲೆ ಗೂರಲು. ಚಳಿ ಬಿದ್ದರೆ ಎದೆಯೊಳಗೆ ತಿದಿ ಒತ್ತಿದಂತೆ ಸದ್ದು. ಊರಿನವರು ಯಾರ್ಯಾರೋ ಹೇಳಿದ ಔಷಧವೆಲ್ಲ ಆಗಿತ್ತು. ಹೊಸ ಹೆಣ್ಣು ಅರಿಶಿನ ಕೊಂಬು ಕಟ್ಟಿದ ತಾಳಿಯನ್ನು ಹೆಗಲ ಹಿಂದೆ ಹಾಕಿಕೊಂಡು, ಆಲೆಮನೆಯ ಮುಂದಿನ ಬಯಲಲ್ಲಿ ಕಬ್ಬಿನ ಜಲ್ಲೆಯಿಂದ ಗೆರೆ ಎಳೆದು, ಮಗುವನ್ನು ಆಚೆ ನಿಲ್ಲಿಸಿದಳು.

“ಉಸ್ರು ಅನ್ನಾದು ಕರು ಇದ್ದಂಗೆ ಕಣೆ ವಾರಿ. ಹಗ್ಗ ಬುಟ್ಟೆ ಅಂದ್ರೆ ಓಡೋಯ್ತದೆ. ಬಿಗಿಯಾಗಿ ಹಿಡ್ದೆ ಅಂದ್ರೆ ಒದೀತದೆ. ಮೆಲ್ಲಗೆ ಬುಡ್ತಾ ಹೋಗು.”

ಮಗು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಗೆರೆ ದಾಟಿತು. ಅತ್ತಿಗೆಯನ್ನು ಮುಟ್ಟುವ ಮೊದಲೇ ಉಸಿರು ಮುಗಿದು ಅತ್ತಿತು. ಮರುದಿನ ಮತ್ತೆ ಹೋಯಿತು. ಆ ಮಗು ಓದಿ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮೈಸೂರಿನ ಒಂದು ಸಂಶೋಧನಾ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಯಂತ್ರ ಕಟ್ಟಿತು. ವಾರಿಜಾಳ ಗೂರಲು ಅಷ್ಟು ಹೊತ್ತಿಗೆ ಎಲ್ಲಿ ಹೋಗಿತ್ತೋ ಅವಳಿಗೂ ನೆನಪಿರಲಿಲ್ಲ.

ಯಂತ್ರವನ್ನು ಎಲ್ಲರೂ ‘ಹುತ್ತ’ ಎಂದೇ ಕರೆಯುತ್ತಿದ್ದರು. ಒಬ್ಬರು ಮಲಗುವಷ್ಟು ಜಾಗದ ಸುತ್ತ ಗುಮ್ಮಟದಂತೆ ಕೂಡಿಸಿದ ಅಯಸ್ಕಾಂತಗಳು. ಹೊರಗಿನಿಂದ ನೋಡಿದರೆ ಬಿಳಿಯ ಹುತ್ತವೇ. ಹುತ್ತ ಇದ್ದಮೇಲೆ ಇರುವೆಗಳೂ ಇರಬೇಕಲ್ಲ. ಅವು ಕೆಂಪು ರಕ್ತಕಣದಷ್ಟೇ ಗಾತ್ರದ ಕಬ್ಬಿಣದ ಮಣಿಗಳು, ಮೈಮೇಲೆ ಸಕ್ಕರೆಯ ತೆಳು ಲೇಪ. ರಕ್ತನಾಳಕ್ಕೆ ಬಿಟ್ಟರೆ ಅಯಸ್ಕಾಂತ ಎಳೆದತ್ತ ಸಾಲುಗಟ್ಟಿ ಹೋಗುತ್ತಿದ್ದವು. ಕ್ಯಾನ್ಸರ್ ಗಡ್ಡೆ ಬೆಳೆಯುವ ಕಡೆ ಸುತ್ತಲಿನ ರಸ ಹುಳಿಯಾಗಿರುತ್ತದೆ. ಆ ಹುಳಿ ತಾಗಿದೊಡನೆ ಲೇಪ ಕರಗಿ ಇರುವೆಗಳು ಒಂದನ್ನೊಂದು ಕಚ್ಚಿ ನಿಲ್ಲುತ್ತಿದ್ದವು. ಗಡ್ಡೆಗೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳ ಅಲ್ಲಿಗೆ ಮುಚ್ಚಿತು. ಗಡ್ಡೆ ಹಸಿವಿನಿಂದ ಒಣಗಬೇಕು. ಅಕ್ಕಪಕ್ಕದ ಒಳ್ಳೆಯ ನಾಳಕ್ಕೆ ಏನೂ ಆಗದು.

ಹುತ್ತಕ್ಕೆ ಬಂದು ಗುಣವಾಗಿ ಹೋದವರು ಆಗಲೇ ಹಲವರಿದ್ದರು. ಸಾಕಮ್ಮ ಅಲ್ಲಿ ಮಲಗಬೇಕಾಗಿ ಬರುತ್ತದೆಂದು ಮಾತ್ರ ವಾರಿಜಾ ಕನಸಿನಲ್ಲೂ ಎಣಿಸಿರಲಿಲ್ಲ.

ಬೇಸಿಗೆ ಶಿಬಿರದಲ್ಲಿ ಸಾಕಮ್ಮನ ಸೀಟಿ ಸೋತಿತು. ಹೊಟ್ಟೆ ಬಿಗಿದುಕೊಂಡಿತು, ಕಾಲು ಊದಿತು. ಹುಟ್ಟುವಾಗಲೇ ತಾಯಿಯಿಂದ ಬಂದ ಕಾಮಾಲೆಯ ವೈರಸ್ಸೊಂದು ಅವಳ ಲಿವರಿನಲ್ಲಿ ಅಷ್ಟು ವರ್ಷ ಸದ್ದಿಲ್ಲದೆ ಕೂತು, ಈಗ ಅಲ್ಲೇ ಕ್ಯಾನ್ಸರ್ ಗಡ್ಡೆ ಬೆಳೆಸಿತ್ತು. ಊರಲ್ಲಿ ‘ಟೀಚರಮ್ಮ ಗುಟ್ಟಾಗಿ ಕುಡೀತಿದ್ರೇನೋ’ ಎಂದು ಒಬ್ಬಿಬ್ಬರು ಆಡಿಕೊಂಡರು. ಅದು ಕಿವಿಗೆ ಬಿದ್ದಾಗ ಸಾಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕುಡ್ದಾದ್ರೂ ಬಂದಿದ್ರೆ ಒಸಿ ಖುಸಿಯಾರ ಪಟ್ಟಿರ್ತಿದ್ದೆ” ಅಂದಳು.

ಸ್ಕ್ಯಾನಿನ ಚಿತ್ರಗಳನ್ನು ಡಾಕ್ಟರ್ ಇಸ್ಮಾಯಿಲ್ ಷರೀಫರು ವಾರಿಜಾಗೆ ತೋರಿಸಿದರು. ರಕ್ತನಾಳಗಳ ಒಳಗೇ ಕೈಹಾಕಿ ಚಿಕಿತ್ಸೆ ಮಾಡುವುದರಲ್ಲಿ ಪಳಗಿದ ಮನುಷ್ಯ. ಹುತ್ತದ ರೋಗಿಗಳೆಲ್ಲ ಅವರ ಹೊಣೆ. ತೋರಿಸಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತರು. ಗಡ್ಡೆ ಎಲ್ಲೆಲ್ಲಿ ಹಬ್ಬಿದೆಯೆಂದು ಅವಳಿಗೂ ಕಾಣುತ್ತಿತ್ತು.

ಅದನ್ನು ಮನೆಯವರಿಗೆ ಬಿಡಿಸಿ ಹೇಳುವ ಕೆಲಸ ಅವಳದೇ ಆಯಿತು. ಪಾಂಡವಪುರದ ಮನೆಯ ಅಡುಗೆ ಕೋಣೆಯಲ್ಲಿ, ಅಣ್ಣ ಸೊಪ್ಪು ಬಿಡಿಸುತ್ತಿರುವಾಗ, ಅವಳು ಸಾಕಮ್ಮನ ಮುಂದೆ ನೆಲದ ಮೇಲೆ ಕೂತು ಬೆರಳಿನಿಂದ ಗೆರೆ ಎಳೆದಳು.

“ಲಿವರ್‌ಗೆ ಎರಡು ನಾಲೆ ಅತ್ತಿಗೆ. ಕರುಳಿಂದ ಬರೋದು ದೊಡ್ಡದು, ಅದಕ್ಕೆ ದ್ವಾರನಾಳ ಅಂತಾರೆ. ಎದೆಯಿಂದ ಬರೋ ಅಪಧಮನಿ ಚಿಕ್ಕದು. ಒಳ್ಳೇ ಲಿವರ್ ಜಾಸ್ತಿ ಕುಡಿಯೋದು ದೊಡ್ಡ ನಾಲೇದು. ಗಡ್ಡೆ ಕುಡಿಯೋದು ಚಿಕ್ಕದರದ್ದು.”

“ಅಂಗಾರೆ ಚಿಕ್ಕದ್ರ ತೂಬು ಮುಚ್ಬುಡು. ಅದ್ಕೇನ್ ಇಷ್ಟ್ ಯೋಚ್ನೆ?”

“ಗಡ್ಡೆ ಒಂದೇ ಕಡೆ ಇದ್ದಿದ್ರೆ ಮುಚ್ಚಬಹುದಿತ್ತು. ನಿನ್ನದು ಬೇರು ಬಿಟ್ಟು ದೊಡ್ಡ ನಾಲೆಯೊಳಗೇ ನುಗ್ಗಿ ಬೆಳೆದಿದೆ. ಅದೇ ಅಡ್ಡ ಕೂತು ಅರ್ಧ ನೀರು ನಿಂತುಹೋಗಿದೆ. ಈಗ ಚಿಕ್ಕದನ್ನೂ ಪೂರ್ತಿ ಮುಚ್ಚಿದರೆ ಒಳ್ಳೇ ಲಿವರ್‌ಗೆ ಎರಡು ಕಡೆಯಿಂದಲೂ ಇಲ್ಲ.”

ಕೆಂಪರಾಜುವಿನ ಕೈ ಸೊಪ್ಪಿನ ಮೇಲೆ ನಿಂತಿತು.

“ಆ ಬೇರಿಗೂ ಚಿಕ್ಕ ನಾಲೆಯಿಂದಲೇ ಎಳೆ ಹೋಗಿರುತ್ತೆ ಅಣ್ಣ,” ಎಂದು ವಾರಿಜಾ ಬೇಗ ಬೇಗ ಹೇಳಿದಳು. “ದೊಡ್ಡ ನಾಳದ ಗೋಡೆಗುಂಟ, ದಾರಕ್ಕಿಂತ ಸಣ್ಣ ಎಳೆಗಳು. ಅವನ್ನಷ್ಟೇ ಹುಡುಕಿ ಮುಚ್ಚಬೇಕು. ಇರುವೆಗಳಿಗೆ ಅದು ಗೊತ್ತು.”

“ನೀನೇ ಸಾಕಿದ್ ಇರ್ವೆ ತಾನೆ?” ಎಂದು ಸಾಕಮ್ಮ ಕೇಳಿದಳು. “ಸರಿ ಬುಡು. ಕಚ್ಚುಸ್ಕೊಂಡ್ರಾಯ್ತು.”

ಸ್ವಂತದವರು ಮಲಗಿರುವಾಗ ಚಾಲಕರ ಕುರ್ಚಿಯಲ್ಲಿ ಕೂರಬಾರದೆಂದು ಷರೀಫರು ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ಆ ದಿನ ಕೂತವಳು ಫಿಲೋಮಿನಾ, ವಾರಿಜಾಳೇ ತರಬೇತಿ ಕೊಟ್ಟ ಎಂಜಿನಿಯರ್. ವಾರಿಜಾ ಅವಳ ಹಿಂದೆ ಗೋಡೆಗೊರಗಿ ನಿಂತಳು. ಷರೀಫರು ತೊಡೆಯ ನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ ಇರುವೆಗಳನ್ನು ಬಿಟ್ಟರು. ಪರದೆಯ ಮೇಲೆ ನೀಲಿ ಚುಕ್ಕೆಗಳ ಸಾಲು ಹೊರಟು, ಕವಲಿನಲ್ಲಿ ತಡವರಿಸಿ, ಬಲಕ್ಕೆ ತಿರುಗಿತು. ಹುಳಿ ಸಿಕ್ಕ ಕಡೆಯೆಲ್ಲ ಚುಕ್ಕೆ ಕೇಸರಿಯಾಗುತ್ತ ಬಂತು. ಫಿಲೋಮಿನಾ ಒಮ್ಮೆಯೂ ಅವಸರಪಡಲಿಲ್ಲ. ನೋಡುನೋಡುತ್ತಿದ್ದಂತೆ ಗಡ್ಡೆಯ ಸುತ್ತ ಕೇಸರಿ ಬಲೆ ನೇಯ್ದುಕೊಂಡಿತು. ವಾರಿಜಾ ಆವರೆಗೆ ಕಚ್ಚಿಕೊಂಡಿದ್ದ ದುಪಟ್ಟಾದ ಅಂಚನ್ನು ಬಾಯಿಂದ ತೆಗೆದಳು.

ಆಮೇಲಿನ ವಾರಗಳು ಪಾಂಡವಪುರದ ಮನೆಯಲ್ಲಿ ಕಳೆದವು. ಹೊಟ್ಟೆಯಲ್ಲಿ ನೀರು ತುಂಬದಿರಲೆಂದು ಡಾಕ್ಟರು ಉಪ್ಪು ಬಿಡಿಸಿದ್ದರು. ಕೆಂಪರಾಜು ಉಪ್ಪಿಲ್ಲದ ಅಡುಗೆ ಕಲಿತ. ಬಸ್ಸಾರಿಗೆ ಮೆಣಸು, ನಿಂಬೆಹುಳಿ, ಸುಟ್ಟ ಬೆಳ್ಳುಳ್ಳಿ ಹಾಕಿ ಏನೇನೋ ಸರ್ಕಸ್ಸು ಮಾಡಿದ. ತಾನೂ ಅದನ್ನೇ ಉಂಡ. “ನಿಂಗ್ಯಾಕೆ ಈ ಪಥ್ಯ, ಬ್ಯಾರೆ ಮಾಡ್ಕೊ” ಎಂದು ಹೆಂಡತಿ ಎಷ್ಟು ಹೇಳಿದರೂ “ಎರ್ಡ್ ಒಲೆ ಯಾರ್ ಹಚ್ಚಾರು” ಎನ್ನುತ್ತಿದ್ದ. ಒಂದು ಶನಿವಾರ ವಾರಿಜಾ ಊರಿಗೆ ಹೋದಾಗ ಸಾಕಮ್ಮ ಅವಳನ್ನು ಹತ್ತಿರ ಕರೆದು, ಕಿವಿಯಲ್ಲಿ, “ಆಲೆಮನೇಲಿ ಬೆಲ್ಲದಚ್ಚಿನ ಹಿಂದೆ ಉಪ್ಪಿನಕಾಯಿ ಜಾಡಿ ಮಡ್ಗವ್ನೆ ಕಣೆ ನಿಮ್ಮಣ್ಣ” ಅಂದಳು. ಮುಖದಲ್ಲಿ ಏನು ಸಂತೋಷ! “ಕೇಳ್ಬೇಡ. ಮಡೀಕಳ್ಳಿ. ನಾಲ್ಗೆ ಕೆಟ್ಟೋಗದೆ ಪಾಪ.”

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಒಣಗಿತ್ತು. ಬೇರು ಒಣಗಿರಲಿಲ್ಲ.

ಷರೀಫರು ಚಿತ್ರವನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ದ್ವಾರನಾಳದೊಳಗೆ ಆ ಬೂದು ನಾಲಗೆ ಇನ್ನೂ ಜೀವಂತವಾಗಿತ್ತು. ತುದಿ ಮೊದಲಿಗಿಂತ ಮುಂದಕ್ಕೆ ಚಾಚಿ ನಾಳದ ಕವಲಿನತ್ತ ಬಂದಿತ್ತು. ಅದು ಕವಲು ದಾಟಿದರೆ ಎಡಗಡೆಯ ಒಳ್ಳೆಯ ಲಿವರಿಗೂ ನೀರು ನಿಂತಂತೆ.

“ಎಲ್ಲ ಎಳೆಗಳನ್ನೂ ಮುಚ್ಚಿದ್ದೇವೆ,” ಅಂದಳು ಫಿಲೋಮಿನಾ. “ಲಿವರಿನ ಅಪಧಮನಿಯಿಂದ ಅಲ್ಲಿಗೆ ಹೋಗುವ ಒಂದೇ ಒಂದು ಎಳೆ ಉಳಿದಿಲ್ಲ. ಇದು ಎಲ್ಲಿಂದ ಕುಡೀತಿದೆ?”

ಇನ್ನಷ್ಟು ಇರುವೆ ಬಿಟ್ಟರೆ ಒಳ್ಳೆಯ ಭಾಗಕ್ಕೆ ಪೆಟ್ಟು. ಆಸ್ಪತ್ರೆಯ ಸಮಿತಿ ಇಲ್ಲಿಗೆ ನಿಲ್ಲಿಸಿ ಅಂದಿತು. ಷರೀಫರು ವಾರಿಜಾಗೆ ಕೆಲವು ದಿನ ರಜೆ ಹಾಕಿ ಊರಿಗೆ ಹೋಗಲು ಹೇಳಿದರು. ಯಾಕೆ ಹೇಳುತ್ತಿದ್ದಾರೆಂದು ಅವಳಿಗೆ ಅರ್ಥವಾಯಿತು.

ಅವಳು ಮನೆ ಮುಟ್ಟಿದಾಗ ಸಾಕಮ್ಮ ಜಗಲಿಯ ಮೇಲೆ ದಿಂಬಿಗೊರಗಿ ಬಿಸಿಲು ಕಾಯುತ್ತಿದ್ದಳು. ಕೈಕಾಲು ಕಡ್ಡಿಯಾಗಿದ್ದವು. ನಾದಿನಿಯ ಮುಖ ನೋಡಿದ್ದೇ ತಡ, ಸುದ್ದಿ ಏನೆಂದು ಅವಳಿಗೆ ತಿಳಿದುಹೋಯಿತು.

“ಬಾ, ಕೂತ್ಕೊ. ಅಳೋದಾದ್ರೆ ಬೇಗ ಅತ್ಬುಡು, ನಿಮ್ಮಣ್ಣ ಬರಾದ್ರೊಳ್ಗೆ.”

ವಾರಿಜಾ ಅತ್ತಳು. ಯಂತ್ರ ಕಟ್ಟಿದವಳು, ದೇಶವಿದೇಶದ ಸಭೆಗಳಲ್ಲಿ ಮಾತಾಡಿದವಳು, ಅತ್ತಿಗೆಯ ಮಡಿಲಲ್ಲಿ ತಲೆಯಿಟ್ಟು ಮೂಗು ಸೋರಿಸಿಕೊಂಡು ಅತ್ತಳು. “ನನ್ನ ಯಂತ್ರದಿಂದ ಆಗಲಿಲ್ಲ ಅತ್ತಿಗೆ.”

“ಥೂ, ನನ್ ಸೀರೆಗೆಲ್ಲಾ ಒರುಸ್ತಾವಳೆ ನೋಡು,” ಎನ್ನುತ್ತ ಸಾಕಮ್ಮ ಅವಳ ಕೂದಲಲ್ಲಿ ಬೆರಳಾಡಿಸಿದಳು. “ಎಂಟ್ ವರ್ಸದ್ ಕೂಸು ಬಂದು ನನ್ ಸೆರಗು ಹಿಡ್ಕತ್ತು. ಇನ್ನೂ ಬುಟ್ಟಿಲ್ಲ. ನಂಗೆ ಇನ್ನೇನ್ ಬೇಕಮ್ಮಿ?” ಆಮೇಲೆ ಏನೋ ನೆನಪಾಗಿ ನಗಲು ಹೋಗಿ, ‘ಹಾ’ ಎಂದು ಬಲಭುಜ ಹಿಡಿದುಕೊಂಡಳು.

“ಏನಾಯ್ತು?”

“ಏನಿಲ್ಲ. ನಕ್ರೆ ಇಲ್ಲಿ ಚುಚ್ತದೆ. ಕೆಮ್ಮಿದ್ರೂವೆ. ಹಳೇ ಆಟದ್ ಪೆಟ್ಟಿರ್ಬೇಕು.”

“ಯಾವಾಗಿಂದ?”

“ಯುಗಾದಿ ಆದ್ಮ್ಯಾಲಿಂದ ಅನ್ಕೊ. ಭುಜದ್ ನೋವಿಗೆ ಲಿವರ್ ಡಾಕ್ಟ್ರಿಗೆ ಯಾಕೆ ಹೇಳಾದು ಅಂತ ಸುಮ್ಕಿದ್ದೆ.”

ವಾರಿಜಾಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೂ ಷರೀಫರಿಗೆ ಫೋನಿನಲ್ಲಿ ಬೇರೇನೋ ಹೇಳುತ್ತ, ಕೊನೆಗೆ ಇದನ್ನೂ ಹೇಳಿದಳು.

“ವಾರಿಜಾ ಅವರೇ, ನಕ್ಕಾಗ ಅಂದಿರಾ? ಬಲಭುಜವೇ?”

“ಹೌದು ಸರ್.”

“ವಪೆ,” ಅಂದರು ಷರೀಫರು. ಅವರ ದನಿ ಬದಲಾಗಿತ್ತು. “ಉಸಿರಾಡುವಾಗ ಏರಿಳಿಯುವ ಆ ಸ್ನಾಯುವಿನ ಪರದೆ. ಲಿವರಿನ ನೆತ್ತಿಯ ಮೇಲೆ ಅದೇ ಕೂತಿರುವುದು. ಅದಕ್ಕೆ ಕೆರಳಿಕೆಯಾದರೆ ನೋವು ಕಾಣಿಸುವುದು ಭುಜದಲ್ಲಿ, ಎರಡಕ್ಕೂ ನರ ಒಂದೇ ಕಡೆಯಿಂದ ಬರುತ್ತೆ. ಗಡ್ಡೆ ಮೇಲಕ್ಕೆ ಹೋಗಿ ವಪೆಗೆ ಅಂಟಿಕೊಂಡಿದೆ. ವಪೆಯ ಅಪಧಮನಿಯಿಂದಲೇ ಒಂದು ಎಳೆ ಕದ್ದು ಬೇರಿಗೆ ಇಳಿಸಿಕೊಂಡಿದೆ. ನಾವು ಲಿವರಿನೊಳಗೇ ಹುಡುಕುತ್ತಿದ್ದೆವು.”

ಎರಡು ನಾಲೆಗಳ ಲೆಕ್ಕ ಹಾಕಿ ಕೂತವರಿಗೆ ಮೂರನೆಯದು ಸಿಕ್ಕಿತ್ತು. ಹೊಸದಾಗಿ ತೆಗೆದ ಚಿತ್ರದಲ್ಲಿ ಅದು ನಿಜವೂ ಆಯಿತು: ವಪೆಯಿಂದ ಇಳಿದು, ಒಣಗಿದ ಗಡ್ಡೆಯ ಬೆನ್ನ ಮೇಲೆ ಹಾದು, ದ್ವಾರನಾಳದ ಗೋಡೆಯೊಳಗೆ ಮಾಯವಾಗುವ ಒಂದು ಸುರುಳಿ ಎಳೆ.

ಕಂಡದ್ದೇನೋ ಸರಿ, ಅಲ್ಲಿಗೆ ಇರುವೆಗಳನ್ನು ಕಳಿಸುವುದು ಹೇಗೆ? ಪ್ರತಿ ಉಸಿರಿಗೂ ವಪೆ ಏರಿ ಇಳಿಯುತ್ತಿತ್ತು; ಅದರೊಡನೆ ಆ ಎಳೆಯೂ. ಹುತ್ತದ ಅಯಸ್ಕಾಂತಗಳು ನಿಧಾನವಾದ, ಸಮನಾದ ಚಲನೆಯ ಬೆನ್ನುಹತ್ತಬಲ್ಲವು. ಜರ್ರನೆ ಎಳೆದು ಬಿಡುವ ಉಸಿರನ್ನು ಹಿಡಿಯಲಾರವು. ದಾರಿ ತಪ್ಪಿದ ಇರುವೆಗಳು ವಪೆಯಲ್ಲೇ ಸಿಕ್ಕಿಕೊಂಡರೆ ಉಸಿರಾಟಕ್ಕೇ ಕುತ್ತು. ಅರಿವಳಿಕೆ ಕೊಟ್ಟು ಯಂತ್ರದಿಂದ ಉಸಿರಾಡಿಸೋಣವೆಂದರೆ ಆ ಔಷಧವನ್ನು ತಾಳಿಕೊಳ್ಳುವ ಶಕ್ತಿ ಅವಳ ಲಿವರಿಗೆ ಉಳಿದಿರಲಿಲ್ಲ.

ಷರೀಫರು ಸಾಕಮ್ಮನನ್ನು ಮಲಗಿಸಿ ಉಸಿರು ಕಟ್ಟಲು ಹೇಳಿದರು. ಪರದೆಯ ಮೇಲೆ ವಪೆಯ ಗೆರೆ ಒಂದು ಗಳಿಗೆ ನಿಂತು ಗಡಗಡ ನಡುಗಿತು. ಮತ್ತೆ ಕಟ್ಟಿದಳು. ಮತ್ತೆ ನಡುಗಿತು. ಮೂರನೆಯ ಸಲಕ್ಕೆ ಅವಳಿಗೆ ರೇಗಿತು.

“ಬಾಯ್ ಮುಚ್ಕಂಡು ಉಸ್ರು ಕಟ್ಟು ಅಂದ್ರೆ ಆಗಾಕಿಲ್ಲ ಡಾಕ್ಟ್ರೆ. ಜಲ್ಮದಲ್ಲೇ ಕಟ್ಟಿಲ್ಲ. ಬಾಯ್ ಬುಟ್ಕಂಡು ಕಟ್ಲಾ?”

“ಬಾಯಿ ಬಿಟ್ಟುಕೊಂಡು ಹೇಗಮ್ಮ ಕಟ್ಟೋದು?”

ಸಾಕಮ್ಮ ಹೇಗೆಂದು ತೋರಿಸಿದಳು. ಮಲಗಿದಲ್ಲೇ ಗಾಳಿ ಎಳೆದುಕೊಂಡು, ಸಣ್ಣ ದನಿಯಲ್ಲಿ, ಒಂದೇ ಹದದಲ್ಲಿ ‘ಕಬಡ್ಡಿಕಬಡ್ಡಿಕಬಡ್ಡಿ’ ಎಂದು ಬಿಡತೊಡಗಿದಳು. ಪರದೆಯ ಮೇಲಿನ ಗೆರೆ ಓರೆಯಾಗಿ ಏರತೊಡಗಿತು, ಅಳತೆಕೋಲಿಟ್ಟು ಎಳೆದಂತೆ. ಒಂದು ಕಡೆಯೂ ನಡುಕವಿಲ್ಲ. ಫಿಲೋಮಿನಾ ಕುರ್ಚಿಯಿಂದ ಎದ್ದು ನಿಂತಳು.

“ಸರ್, ಇದನ್ನು ಹುತ್ತ ಹಿಂಬಾಲಿಸುತ್ತೆ.”

ಷರೀಫರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂದು ಉಸಿರಿಗೆ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗೋಣ,” ಅಂದರು. “ಉಸಿರೆಳೆದುಕೊಳ್ಳುವಾಗ ಇರುವೆಗಳನ್ನು ನಾಳದ ಗೋಡೆಗೆ ಒತ್ತಿ ನಿಲ್ಲಿಸು. ಸಮಿತಿಯ ಹತ್ತಿರ ನಾನು ಮಾತಾಡ್ತೀನಿ.”

ಸಮಿತಿ ಒಪ್ಪುವಷ್ಟರಲ್ಲಿ ಸಾಕಮ್ಮ ಇನ್ನಷ್ಟು ಸೋತಿದ್ದಳು. ಹೊಟ್ಟೆಯ ನೀರು ತೆಗೆದು, ಒಂದೆರಡು ದಿನ ಸುಧಾರಿಸಿಕೊಳ್ಳಲು ಬಿಟ್ಟು, ಬೆಳಗ್ಗೆ ಹುತ್ತಕ್ಕೆ ಕರೆತಂದರು. ಆ ಬೆಳಗ್ಗೆ ವಾರಿಜಾ ನಿಯಂತ್ರಣ ಕೊಠಡಿಯಲ್ಲಿ ನಿಲ್ಲಲಿಲ್ಲ. ಓಲೆ, ಬಳೆ, ತಲೆಯ ಪಿನ್ನು ಎಲ್ಲ ಬಿಚ್ಚಿಟ್ಟು ಒಳಗೆ ಹೋಗಿ ಅತ್ತಿಗೆಯ ತಲೆಯ ಬಳಿ ಇಕ್ಕಟ್ಟಿನಲ್ಲೇ ಮುದುರಿ ಕೂತಳು. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ತಾನೇ ಕಟ್ಟಿದ ಯಂತ್ರ ಒಳಗಿನಿಂದ ಇಷ್ಟು ತಣ್ಣಗಿರುತ್ತದೆ, ಇಷ್ಟು ಗುಂಯ್‌ಗುಡುತ್ತದೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಎಷ್ಟು ಜನ ಇಲ್ಲಿ ಒಬ್ಬರೇ ಮಲಗಿದ್ದರಲ್ಲ ಎನಿಸಿ ನಾಚಿಕೆಯಾಯಿತು.

“ಹೋಗ್ಲಾ?” ಎಂದು ಸಾಕಮ್ಮ ಕೇಳಿದಳು.

“ಹೋಗು ಅತ್ತಿಗೆ.”

ಅವಳು ‘ಕಬಡ್ಡಿಕಬಡ್ಡಿ’ ಎನ್ನುತ್ತ ಹೋದಳು. ಸ್ಪೀಕರಿನಲ್ಲಿ ಫಿಲೋಮಿನಾ ಹೇಳುತ್ತಿದ್ದಳು: ಕವಲು ದಾಟಿತು, ಸುರುಳಿಯ ಬಾಯಿಗೆ ಬಂತು, ನಿಲ್ಲಿಸಿದ್ದೇನೆ, ಉಸಿರೆಳೆದುಕೊಳ್ಳಿ. ಪ್ರತಿ ಸಲವೂ ಸಾಕಮ್ಮನ ಉಸಿರು ಸ್ವಲ್ಪ ಗಿಡ್ಡವಾಗುತ್ತ ಬಂತು. ಹಣೆ ಬೆವರಿತು, ತುಟಿ ಒಣಗಿತು. ವಾರಿಜಾ ಒದ್ದೆ ಹತ್ತಿಯಿಂದ ತುಟಿ ಸವರಿದಳು. ಇರುವೆಗಳು ಸುರುಳಿಯ ನಡುವೆ ಇದ್ದಾಗ ಸಾಕಮ್ಮನ ದನಿ ಒಡೆಯಿತು. ಹೊರಗೆ ಪರದೆಯ ಮೇಲೆ ಗೆರೆ ಜಗ್ಗಿತು.

“ಹಿಡಿದಿದ್ದೇನೆ, ಹಿಡಿದಿದ್ದೇನೆ,” ಅಂದಿತು ಸ್ಪೀಕರು. “ಆದರೆ ಬಹಳ ಹೊತ್ತು ಗೋಡೆಗೆ ಒತ್ತಿಡಲು ಆಗಲ್ಲ.”

“ಸಾಕಮ್ಮನವರೇ, ನಿಲ್ಲಿಸಿ ಇರುವೆಗಳನ್ನು ವಾಪಸ್ ಎಳೆದುಕೊಳ್ಳಬಹುದು,” ಎಂದರು ಷರೀಫರು. “ನಿಮ್ಮಿಷ್ಟ. ಯಾರೂ ಏನೂ ಅಂದುಕೊಳ್ಳಲ್ಲ.”

ಸಾಕಮ್ಮ ತಲೆಯನ್ನು ಒಂದಿಷ್ಟು ಹೊರಳಿಸಿ, “ವಾರಿ, ನೀನೂ ಅನ್ನೆ. ನಂಗೆ ಹದ ತಪ್ತಾ ಅದೆ,” ಅಂದಳು.

ವಾರಿಜಾ ಉಸಿರೆಳೆದುಕೊಂಡು ಶುರುಮಾಡಿದಳು. ಸಾಕಮ್ಮ ಅವಳ ದನಿಯ ಮೇಲೆ ತನ್ನ ದನಿಯನ್ನಿಟ್ಟಳು, ಊರುಗೋಲಿನ ಮೇಲೆ ಕೈಯಿಟ್ಟಂತೆ. ಇಬ್ಬರೂ ಒಂದೇ ಹದದಲ್ಲಿ ಹೋದರು. ಒಂದು ಹಂತದಲ್ಲಿ ಅತ್ತಿಗೆಯ ಬಾಯಿಂದ ಶಬ್ದ ನಿಂತು ಬರಿಯ ಗಾಳಿ ಬರುತ್ತಿತ್ತು. ಆ ಗಾಳಿಯೂ ಹದ ತಪ್ಪಲಿಲ್ಲ. ವಾರಿಜಾ ತನ್ನ ದನಿಯನ್ನು ನಿಲ್ಲಿಸಲಿಲ್ಲ. ಎದೆ ಬಿರಿಯುವಂತಾದರೂ ನಿಲ್ಲಿಸಲಿಲ್ಲ.

“ಕೇಸರಿ,” ಎಂದು ಫಿಲೋಮಿನಾ ಕೂಗಿದಳು. “ಸರ್, ಕೇಸರಿ. ಎಳೆ ಮುಚ್ಚಿತು.”

ಸಾಕಮ್ಮ ಗಟ್ಟಿಯಾಗಿ ಉಸಿರೆಳೆದುಕೊಂಡಳು. ಭುಜ ಚುಚ್ಚಿರಬೇಕು, ಮುಖ ಕಿವುಚಿದಳು. “ನಿಂಗೆ ಈಗ್ಲೂ ಉಸ್ರು ಜಾಸ್ತಿ ಇಲ್ಲ ಕಣೆ,” ಅಂದಳು. “ಕೊನೇಗೆ ಎಳೀತಿದ್ದೆ.”

ಬೇರು ಒಂದೇ ದಿನಕ್ಕೆ ಒಣಗಲಿಲ್ಲ. ನಡುವೆ ಜ್ವರ ಬಂತು, ಮತ್ತೊಮ್ಮೆ ಹೊಟ್ಟೆಯ ನೀರು ತೆಗೆಯಬೇಕಾಯಿತು, ಒಂದು ವಾರ ಯಾರಿಗೂ ಭರವಸೆ ಇರಲಿಲ್ಲ. ಆಮೇಲೆ ಕಾಲಿನ ಊತ ಇಳಿಯಿತು. ಊಟ ರುಚಿಸತೊಡಗಿತು. ಮೊದಲ ಸಲ “ಈ ಬಸ್ಸಾರು ನಾಯಿಗೂ ಬ್ಯಾಡ” ಎಂದು ಗಂಡನನ್ನು ಬೈದ ದಿನ ಕೆಂಪರಾಜು ಆಲೆಮನೆಯಿಂದ ವಾರಿಜಾಗೆ ಫೋನ್ ಮಾಡಿ, “ಇವತ್ ಬೈದ್ಲು ಕಣವ್ವ” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ದೀಪಾವಳಿ ಕಳೆದಮೇಲೆ ಗಂಡಹೆಂಡತಿ ಮತ್ತೆ ಮೈಸೂರಿಗೆ ಬಂದರು. ಲಿವರಿನ ಒಣಗಿದ ಬಲಭಾಗವನ್ನು ಕತ್ತರಿಸಿ ತೆಗೆಯಬಹುದೇ ಎಂದು ಶಸ್ತ್ರಚಿಕಿತ್ಸಕರು ಕೇಳಿದ್ದರು. ತೆಗೆಯಬಹುದಾದರೆ ಸಾಕಮ್ಮನಿಗೆ ಬದುಕಲು ಇನ್ನೂ ವರ್ಷಗಳಿದ್ದವು. ಅದು ತಿಳಿಯಬೇಕಾದರೆ ದ್ವಾರನಾಳದಲ್ಲಿ ರಕ್ತ ಹರಿಯುತ್ತಿದೆಯೇ ಎಂದು ನೋಡಬೇಕಿತ್ತು. ಷರೀಫರು ಹುತ್ತದ ಕಡೆಗೇ ಹೋಗಲಿಲ್ಲ. ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ, ಬಸುರಿಯರ ಹೊಟ್ಟೆಗೆ ಹಿಡಿಯುವಂಥ ಸಾಧಾರಣ ಸ್ಕ್ಯಾನ್ ಯಂತ್ರವನ್ನು ಎಳೆದುಕೊಂಡು, ಅದರ ಹಿಡಿಯನ್ನು ಸಾಕಮ್ಮನ ಪಕ್ಕೆಲುಬಿನ ಕೆಳಗೆ ಒತ್ತಿಹಿಡಿದು, ಶಬ್ದದ ಗುಂಡಿ ತಿರುಗಿಸಿದರು.

ಮೊದಲು ಕೇಳಿದ್ದು ಅಪಧಮನಿ: ತುಪ್ ತುಪ್ ತುಪ್, ಯಾರೋ ಬಾಗಿಲು ಬಡಿಯುವ ಹಾಗೆ. ಷರೀಫರು ಕೈಯನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಬಡಿತ ಹಿಂದಾಯಿತು. ಅದರ ಜಾಗದಲ್ಲಿ ಬೇರೊಂದು ಸದ್ದು ಬಂತು. ಅದು ಬಡಿಯುತ್ತಿರಲಿಲ್ಲ. ಒಂದೇ ಸಮನೆ ಮೊರೆಯುತ್ತಿತ್ತು. ಸಾಕಮ್ಮ ಉಸಿರೆಳೆದಾಗ ಸ್ವಲ್ಪ ತಗ್ಗಿ, ಬಿಟ್ಟಾಗ ಸ್ವಲ್ಪ ಏರಿ, ಎಲ್ಲೂ ಕಡಿಯದೆ.

ವಾರಿಜಾಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಅವಳು ಷರೀಫರ ಮುಖ ನೋಡಿದಳು. ಅವರು ತಲೆಯಾಡಿಸಿದರು.

“ಏನಂತೆ?” ಎಂದು ಸಾಕಮ್ಮ ಕತ್ತು ಎತ್ತಿದಳು. “ಯಾರಾರ ಬಾಯ್ ಬುಡ್ರಪ್ಪ.”

“ದೊಡ್ಡ ನಾಲೆ ಬಿಟ್ಟುಕೊಂಡಿದೆ ಅತ್ತಿಗೆ. ಹರೀತಿದೆ.”

ಷರೀಫರು ಯಂತ್ರವನ್ನು ಆರಿಸಲು ಕೈ ಚಾಚಿದರು. ಗೋಡೆಯ ಬಳಿ ಚೀಲ ಹಿಡಿದು ನಿಂತಿದ್ದ ಕೆಂಪರಾಜು ಒಂದು ಹೆಜ್ಜೆ ಮುಂದೆ ಬಂದ. ಆಸ್ಪತ್ರೆಗೆ ಬಂದಾಗಿನಿಂದ ಡಾಕ್ಟರರೊಡನೆ ಅವನು ಒಂದು ಮಾತೂ ಆಡಿದವನಲ್ಲ.

“ಸ್ವಾಮಿ,” ಅಂದ, “ತೊಂದ್ರೆ ಇಲ್ದಿದ್ರೆ ಇನ್ನೊಂದ್ ಚಣ ಅಂಗೇ ಬುಡಿ.”

ಷರೀಫರು ಕೈ ಹಿಂದೆಗೆದರು. ಅವನು ಚೀಲವನ್ನು ಕೆಳಗಿಟ್ಟು, ಹೆಂಡತಿಯ ಕಾಲಬುಡದಲ್ಲಿ ಕೂತು, ತಲೆ ತಗ್ಗಿಸಿ ಕೇಳತೊಡಗಿದ.